ಡಾ. ಅಂಬೇಡ್ಕರರೂ ಮುಚ್ಚಿದ ಬಾಗಿಲೂ

ಮಹಾಪುರುಷರ ಚರಿತ್ರೆಯನ್ನು ಬರೆಯಹೊರಟವರಿಗೆ ಎರಡು ದಾರಿಗಳಿವೆ. ಹುಟ್ಟಿನಿಂದ ಸಾವಿನವರೆಗಿನ ಸಂಗತಿಗಳನ್ನು ಕ್ರಮವಾಗಿ ಪೋಣಿಸುವುದು ಒಂದು ದಾರಿ. ಅವರ ಬದುಕನ್ನೆಲ್ಲ ಕಾಡಿದ ಒಂದು ಪ್ರಶ್ನೆಯನ್ನು ಹಿಡಿದು ಅದರ ಬೆನ್ನುಹತ್ತಿ ಹೋಗುವುದು ಇನ್ನೊಂದು. ಡಾ. ಭೀಮರಾವ್ ಅಂಬೇಡ್ಕರರ ವಿಷಯದಲ್ಲಿ ಮೊದಲನೆಯ ಕೆಲಸವನ್ನು ಬಲ್ಲವರು ಹಲವರು ಮಾಡಿದ್ದಾರೆ. ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿಯೇ ಅಂಥ ಪುಸ್ತಕಗಳುಂಟು. ಆದುದರಿಂದ ನಾನು ಎರಡನೆಯ ದಾರಿಯನ್ನು ಹಿಡಿಯುತ್ತೇನೆ. ಆ ಪ್ರಶ್ನೆ ಇದು: ಒಂದೇ ನೆಲದಲ್ಲಿ, ಒಂದೇ ಊರಿನಲ್ಲಿ, ಒಂದೇ ನುಡಿಯನ್ನಾಡುತ್ತ ಬಾಳುವ ಜನ ಬೇರೆ ಬೇರೆ ಗುಂಪುಗಳಾಗಿ ಒಡೆದು, ಒಬ್ಬರ ಬಾಗಿಲು ಇನ್ನೊಬ್ಬರಿಗೆ ಮುಚ್ಚಿಹೋಗುವುದು ಹೇಗೆ?

ಈಚಿನ ಸಮಾಜವಿಜ್ಞಾನಿಗಳು ಈ ಪ್ರಶ್ನೆಯನ್ನು ಗಣಕಯಂತ್ರದ ಮುಂದಿಟ್ಟು ನೋಡುತ್ತಾರೆ. ಸಮಾಜದ ಒಂದು ಸಣ್ಣ ಪ್ರತಿಕೃತಿಯನ್ನು ಅದರೊಳಗೆ ಹೂಡಿ, ಒಂದೆರಡು ನಿಯಮಗಳನ್ನು ಕೊಟ್ಟು, ಕಟ್ಟಕಡೆಗೆ ಏನಾಗುವುದೆಂದು ಕಾದು ನೋಡುವ ಈ ಕ್ರಮಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಅಂಥ ಯಂತ್ರವಿಲ್ಲದ ಕಾಲದಲ್ಲಿ, ೧೯೧೬ರಲ್ಲಿ, ಇಪ್ಪತ್ತೈದು ವರ್ಷದ ಒಬ್ಬ ಭಾರತೀಯ ವಿದ್ಯಾರ್ಥಿ ಬರಿಯ ಕೂಡಿಸಿ ಕಳೆಯುವ ಲೆಕ್ಕದಿಂದ ಇಂಥದೇ ಪ್ರಯೋಗವೊಂದನ್ನು ಮನಸ್ಸಿನಲ್ಲಿಯೇ ನಡೆಸಿದ್ದನೆಂಬುದನ್ನು ಓದಿ ನನಗೆ ಬಹಳ ಆಶ್ಚರ್ಯವಾಯಿತು. ಆ ಆಶ್ಚರ್ಯವನ್ನು ಗುರುಗಳೊಡನೆಯೂ ಸಹಪಾಠಿಗಳೊಡನೆಯೂ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ಅಂಬೇಡ್ಕರರು ಹುಟ್ಟಿದ್ದು ೧೮೯೧ನೆಯ ಇಸವಿ ಏಪ್ರಿಲ್ ೧೪ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ತಾಯಿ ಭೀಮಾಬಾಯಿ. ದಂಪತಿಗಳ ಹದಿನಾಲ್ಕನೆಯ ಮಗು ಭೀಮರಾವ್. ಅವರ ಮೂಲ ಸ್ಥಳ ರತ್ನಾಗಿರಿ ಜಿಲ್ಲೆಯ ಅಂಬಡವೆ ಎಂಬ ಹಳ್ಳಿ. ಅವರದು ಅಸ್ಪೃಶ್ಯವೆನಿಸಿಕೊಂಡ ಮಹಾರ್ ಜಾತಿ. ತಂದೆ ನಿವೃತ್ತರಾದ ಮೇಲೆ ಕುಟುಂಬವು ಸಾತಾರಾದಲ್ಲಿ ನೆಲಸಿತು. ಅಲ್ಲಿಯ ಶಾಲೆಯಲ್ಲಿ ಈ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾನೇ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ತಿರುಗಿಸಿದರೆ ನೀರು, ಜವಾನ ಬಾರದಿದ್ದರೆ ಆ ದಿನ ನೀರಿಲ್ಲ. ಊರಿನ ಕ್ಷೌರಿಕ ಇವರ ತಲೆಯನ್ನು ಮುಟ್ಟನು. ಅಕ್ಕನೇ ತಮ್ಮಂದಿರ ಕೂದಲನ್ನು ಕತ್ತರಿಸುತ್ತಿದ್ದಳು.

೧೯೦೧ರ ಒಂದು ಪ್ರಯಾಣವನ್ನು ಅವರು ಎಂದೂ ಮರೆಯಲಿಲ್ಲ. ತಂದೆ ಕೋರೆಗಾಂವಿನಲ್ಲಿ ಕೆಲಸದ ಮೇಲಿದ್ದರು. ಬೇಸಗೆಯ ರಜೆಯಲ್ಲಿ ಅವರನ್ನು ಕಾಣಲು ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ರೈಲಿನಲ್ಲಿ ಹೊರಟರು. ಹೊಸ ಅಂಗಿ, ಜರಿಯ ಟೋಪಿ ತೊಟ್ಟ ಮಕ್ಕಳನ್ನು ಕಂಡು ಮಸೂರು ನಿಲ್ದಾಣದ ಸ್ಟೇಷನ್ ಮಾಸ್ತರರು ಮೊದಲು ಆದರದಿಂದಲೇ ಮಾತನಾಡಿಸಿದರು. ಜಾತಿ ತಿಳಿದೊಡನೆ ಅವರ ಮುಖ ಬಾಡಿತು. ಗಾಡಿಯವರು ಯಾರೂ ಇವರನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕಡೆಗೆ ಒಬ್ಬನು ಎರಡರಷ್ಟು ಬಾಡಿಗೆ ಪಡೆದು, ಮಕ್ಕಳೇ ಎತ್ತು ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುವೆನು ಎಂಬ ಕರಾರಿನ ಮೇಲೆ ಒಪ್ಪಿದನು. ಬುತ್ತಿ ಕೈಯಲ್ಲಿತ್ತು; ಆದರೆ ರಾತ್ರಿಯೆಲ್ಲ ಕುಡಿಯುವ ನೀರನ್ನು ಕೊಡುವವರಿರಲಿಲ್ಲ. ಮಕ್ಕಳು ಹಸಿದುಕೊಂಡೇ ಮಲಗಿದರು.

ಮುಂದಿನ ವಿದ್ಯಾಭ್ಯಾಸದ ಕಥೆ ಸರ್ವವಿದಿತವಾದುದು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ೧೯೦೭ರಲ್ಲಿ ಮೆಟ್ರಿಕ್ಯುಲೇಷನ್, ೧೯೧೨ರಲ್ಲಿ ಬಿ.ಎ., ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ, ೧೯೧೩ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ಅಲ್ಲಿ ಯಾವ ಮೇಜಿನಲ್ಲಿ ಕೂತರೂ ಎದ್ದು ಹೋಗೆನ್ನುವವರಿರಲಿಲ್ಲ. ತಾನು ಅಸ್ಪೃಶ್ಯನೆಂಬ ನೆನಪೇ ಮಾಸಿಹೋಯಿತೆಂದು ಅವರು ಮುಂದೆ ಬರೆದರು. ಅದೇ ವಿಶ್ವವಿದ್ಯಾಲಯದ ಮಗ್ಗುಲಿನಲ್ಲಿ ಹಾರ್ಲೆಮ್ ಎಂಬ ಮೊಹಲ್ಲ ಅದೇ ವರ್ಷಗಳಲ್ಲಿ ಬದಲಾಗುತ್ತಿತ್ತು. ಕರಿಯ ಕುಟುಂಬಗಳು ಬಂದಂತೆಲ್ಲ ಬಿಳಿಯರು ಮನೆಗಳನ್ನು ತೆರವು ಮಾಡಿ ಹೋಗುತ್ತಿದ್ದರು. ಹೀಗೆ ಬೇರ್ಪಡುವ ರೋಗ ಭಾರತಕ್ಕೆ ಮಾತ್ರ ಸೇರಿದುದಲ್ಲ. ೧೯೪೬ರಲ್ಲಿ ಅಂಬೇಡ್ಕರರು ಅಮೆರಿಕದ ಕರಿಯರ ನಾಯಕರೂ ವಿದ್ವಾಂಸರೂ ಆದ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು ಅವರ ಹೋರಾಟದ ವಿವರ ಕೇಳಿದರೆಂಬುದನ್ನು ಇಲ್ಲಿ ನೆನೆಯಬಹುದು.

೧೯೧೬ರ ಮೇ ೯ರಂದು ಪ್ರೊಫೆಸರ್ ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಅಂಬೇಡ್ಕರರು ಒಂದು ಪ್ರಬಂಧವನ್ನೋದಿದರು. ಭಾರತದಲ್ಲಿ ಜಾತಿಗಳು ಹುಟ್ಟಿ ಬೆಳೆದ ಬಗೆಯನ್ನು ಕುರಿತ ಆ ಪ್ರಬಂಧ ಮರುವರ್ಷ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ತರ್ಕವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಭಾರತದ ಜನ ಬೇರೆ ಬೇರೆ ಕಾಲದಲ್ಲಿ ಬಂದು ಬೆರೆತವರು. ಅವರ ಸಂಸ್ಕೃತಿಯಲ್ಲಿ ಆಳವಾದ ಏಕತೆಯಿದೆ. ಹೀಗಿದ್ದೂ ಅವರು ಸಾವಿರ ತುಂಡುಗಳಾದದ್ದು ಹೇಗೆ? ಅಂಬೇಡ್ಕರರು ಹಿಂದಿನ ವಿದ್ವಾಂಸರ ವ್ಯಾಖ್ಯೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ, ಜಾತಿಯ ತಿರುಳು ಮಡಿಯೂ ಅಲ್ಲ, ಕಸುಬೂ ಅಲ್ಲ, ತಮ್ಮೊಳಗೇ ಮದುವೆಯಾಗಬೇಕೆಂಬ ಒಂದು ಕಟ್ಟು ಮಾತ್ರ ಎಂದು ತೋರಿಸಿದರು. ಗೋತ್ರದ ಹೊರಗೆ ಮದುವೆಯಾಗುವುದು ನಮ್ಮಲ್ಲಿ ಪ್ರಾಚೀನ ಪದ್ಧತಿ. ಅದರ ಮೇಲೆ ಗುಂಪಿನ ಒಳಗೇ ಮದುವೆಯೆಂಬ ಕಟ್ಟನ್ನು ಹೇರಿದಾಗ ಜಾತಿ ಹುಟ್ಟಿತು.

ಇಲ್ಲಿಂದ ಮುಂದೆ ಲೆಕ್ಕ ಮೊದಲಾಗುತ್ತದೆ. ಒಂದು ಗುಂಪು ಬಾಗಿಲನ್ನು ಮುಚ್ಚಿಕೊಂಡಿತೆನ್ನೋಣ. ಒಳಗೆ ಮದುವೆಗೆ ತಕ್ಕ ಗಂಡಸರೂ ಹೆಂಗಸರೂ ಸಮಸಂಖ್ಯೆಯಲ್ಲಿರಬೇಕು. ಇಲ್ಲವಾದರೆ ಜೋಡಿ ಸಿಕ್ಕದವರು ಗೋಡೆಯನ್ನು ಹಾರುವರು. ಆದರೆ ಗಂಡಹೆಂಡಿರು ಒಂದೇ ದಿನ ಸಾಯುವುದಿಲ್ಲ. ಗಂಡ ಸತ್ತರೆ ಒಬ್ಬ ಹೆಂಗಸು ಲೆಕ್ಕಕ್ಕೆ ಹೆಚ್ಚಾದಳು. ಹೆಂಡತಿ ಸತ್ತರೆ ಒಬ್ಬ ಗಂಡಸು ಹೆಚ್ಚಾದನು. ಹೆಚ್ಚಾದ ಹೆಂಗಸನ್ನು ಏನು ಮಾಡುವುದು? ಗಂಡನ ಚಿತೆಯ ಮೇಲೆ ಸುಡುವುದು, ಅಥವಾ ಬದುಕಿರುವವರೆಗೆ ವಿಧವೆಯಾಗಿ ಇರಿಸುವುದು. ಹೆಚ್ಚಾದ ಗಂಡಸನ್ನು ಏನು ಮಾಡುವುದು? ಅವನನ್ನು ಸನ್ಯಾಸಿಯಾಗೆನ್ನುವುದು, ಅಥವಾ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಕೊಡುವುದು. ಸತಿಪದ್ಧತಿ, ವೈಧವ್ಯ, ಬಾಲ್ಯವಿವಾಹ ಈ ಮೂರೂ ಮುಚ್ಚಿದ ಬಾಗಿಲನ್ನು ಮುಚ್ಚಿಯೇ ಇಡಲು ಹೂಡಿದ ಉಪಾಯಗಳು. ಅವುಗಳ ಪಾವಿತ್ರ್ಯದ ಹೊಗಳಿಕೆ ಆಮೇಲೆ ಬಂದದ್ದು ಎಂಬುದು ಅವರ ನಿರ್ಣಯ. ಶೀಲದ ಮಾತೆಂದು ನಾವು ತಿಳಿದಿದ್ದುದನ್ನು ಅವರು ಸಂಖ್ಯೆಯ ಮಾತೆಂದು ತೋರಿಸಿದರು.

ಹಾಗಾದರೆ ಬಾಗಿಲನ್ನು ಮೊದಲು ಮುಚ್ಚಿದವರು ಯಾರು? ಪುರೋಹಿತವರ್ಗ ಎಂದು ಅವರು ಉತ್ತರಿಸಿದರು. ಉಳಿದವರು ಮೇಲಿನವರನ್ನು ನೋಡಿ ಅನುಕರಿಸಿದರು. ಹತ್ತಿರದವರು ಹೆಚ್ಚಾಗಿ, ದೂರದವರು ಕಡಿಮೆಯಾಗಿ. ಈ ಅನುಕರಣದ ಸೂತ್ರವನ್ನು ಅವರು ಫ್ರೆಂಚ್ ಸಮಾಜಶಾಸ್ತ್ರಜ್ಞ ಗೇಬ್ರಿಯೆಲ್ ಟಾರ್ಡ್ ಎಂಬವರಿಂದ ಪಡೆದರು. ಕೆಲವರು ತಾವಾಗಿ ಬಾಗಿಲನ್ನು ಮುಚ್ಚಿಕೊಂಡರು. ಉಳಿದವರು ನೋಡುವಷ್ಟರಲ್ಲಿ ಸುತ್ತಲ ಬಾಗಿಲುಗಳೆಲ್ಲ ತಮಗೆ ಮುಚ್ಚಿದ್ದವು. ಮನುವಾಗಲಿ ಇನ್ನಾವ ಶಾಸ್ತ್ರಕಾರನಾಗಲಿ ಒಬ್ಬನೇ ಕೂತು ಇಷ್ಟು ದೊಡ್ಡ ವ್ಯವಸ್ಥೆಯನ್ನು ಜನರ ಮೇಲೆ ಹೇರಲಾರನು. ಇದ್ದುದನ್ನು ಅವನು ಬರೆದಿಟ್ಟನು. ಹಲವರ ಸಣ್ಣ ಸಣ್ಣ ನಡೆಗಳು ಕೂಡಿ ಯಾರೂ ಒಟ್ಟಾಗಿ ಯೋಚಿಸದ ಒಂದು ಕೋಟೆ ಎದ್ದು ನಿಂತಿತು.

ಇದಾದ ಅರ್ಧ ಶತಮಾನದ ಮೇಲೆ ಅಮೆರಿಕದಲ್ಲಿ ಥಾಮಸ್ ಶೆಲಿಂಗ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಹತ್ತಿರದ ವಿಚಾರವನ್ನು ಬೇರೊಂದು ಕಡೆಯಿಂದ ಮುಟ್ಟಿದರು. ಅವರು ಹುಟ್ಟಿದ ದಿನವೂ ಏಪ್ರಿಲ್ ೧೪; ವರ್ಷ ೧೯೨೧. ಅಮೆರಿಕದ ಪಟ್ಟಣಗಳಲ್ಲಿ ಕರಿಯರ ಕೇರಿ, ಬಿಳಿಯರ ಕೇರಿಗಳು ಬೇರೆಯಾಗುವುದು ಹೇಗೆಂದು ಕಾಣಲು ಅವರು ಚೌಕದ ಮನೆಗಳಲ್ಲಿ ಎರಡು ಬಗೆಯ ಬಿಲ್ಲೆಗಳನ್ನಿಟ್ಟು ನಡೆಸಿದರು. ಅವರ ಲೇಖನಗಳು ೧೯೬೯ರಲ್ಲಿಯೂ ೧೯೭೧ರಲ್ಲಿಯೂ ಹೊರಬಂದವು; ೨೦೦೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ನಾನೂ ನನ್ನ ಇಬ್ಬರು ಸಹಪಾಠಿಗಳೂ ಆ ಆಟವನ್ನು ವಿದ್ಯಾರ್ಥಿನಿಲಯದಲ್ಲಿ ಆಡಿ ನೋಡಿದೆವು. ಚದುರಂಗದ ಹಲಗೆಯಲ್ಲಿ ೬೪ ಮನೆಗಳು. ಒಂದು ರೂಪಾಯಿಯ ಬಿಳಿ ನಾಣ್ಯ ೨೨, ಐದು ರೂಪಾಯಿಯ ಹಳದಿ ನಾಣ್ಯ ೨೨; ೨೦ ಮನೆ ಖಾಲಿ. ಚೀಟಿ ಎತ್ತಿ ನಾಣ್ಯಗಳನ್ನು ಬೆರಕೆಯಾಗಿಯೇ ಇಟ್ಟೆವು. ನಿಯಮ ಒಂದೇ: ಪ್ರತಿ ನಾಣ್ಯಕ್ಕೂ ತನ್ನ ನೆರೆಹೊರೆಯವರಲ್ಲಿ ಮೂರರಲ್ಲೊಂದು ಪಾಲಾದರೂ ತನ್ನ ಬಣ್ಣದವರಿರಬೇಕು, ಇಲ್ಲದಿದ್ದರೆ ತನಗೆ ಹಿಡಿಸುವ ಖಾಲಿ ಮನೆಗೆ ಅದು ಎದ್ದುಹೋಗುವುದು. ಮೂರರಲ್ಲಿ ಎರಡು ಪಾಲು ಪರರಿದ್ದರೂ ಸಮಾಧಾನವಾಗಿರುವ ನಾಣ್ಯವನ್ನು ದ್ವೇಷಿಯೆಂದು ಯಾರೂ ಹೇಳಲಾರರು. ಆದರೂ ಒಂದು ನಾಣ್ಯ ಎದ್ದುಹೋದರೆ ಅದರ ಹಳೆಯ ನೆರೆಯವನಿಗೆ ತನ್ನವರು ಕಡಿಮೆಯಾಗಿ ಅವನೂ ಏಳುವನು. ಹೋದಲ್ಲಿ ಇನ್ನೊಬ್ಬನನ್ನು ಏಳಿಸುವನು. ಆಟ ನಿಂತಾಗ ಹಲಗೆಯ ಮೇಲೆ ಬಿಳಿಯ ಕೇರಿ, ಹಳದಿಯ ಕೇರಿ ಬೇರೆಯಾಗಿದ್ದವು. ಪ್ರತಿ ನಾಣ್ಯದ ನೆರೆಯಲ್ಲಿ ಸರಾಸರಿ ನಾಲ್ಕರಲ್ಲಿ ಮೂರು ಪಾಲು ಅದರ ಬಣ್ಣದವೇ. ಯಾರೂ ಬಯಸದಿದ್ದುದು ಎಲ್ಲರ ಕೈಯಿಂದ ಆಗಿಹೋಗಿತ್ತು.

ಅಂಬೇಡ್ಕರರ ಬದುಕಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ೧೯೧೭ರಲ್ಲಿ ಸ್ವದೇಶಕ್ಕೆ ಮರಳಿ, ಕರಾರಿನಂತೆ ಬರೋಡ ಸಂಸ್ಥಾನದ ಸೇವೆಗೆ ಸೇರಿದಾಗ ಇಳಿದುಕೊಳ್ಳಲು ಜಾಗ ಸಿಕ್ಕಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿನಿಂದ ಉಳಿದರು. ಹನ್ನೊಂದನೆಯ ದಿನ ಹತ್ತು ಹನ್ನೆರಡು ಮಂದಿ ಪಾರ್ಸಿಗಳು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ತೆರವು ಮಾಡಬೇಕೆಂದು ಬೆದರಿಸಿದರು. ಅವರು ಸ್ನೇಹಿತರ ಮನೆಗೆ ಹೋದರು. ಹಿಂದೂ ಸ್ನೇಹಿತನಿಗೆ ನಿಜವಾಗಿಯೂ ಮರುಕವಾಯಿತು. ಆದರೆ ಇವರನ್ನು ಇರಿಸಿಕೊಂಡರೆ ಮನೆಯ ಆಳುಗಳು ಬಿಟ್ಟುಹೋಗುವರೆಂದು ಅವನು ಹಿಂಜರಿದನು. ಕ್ರೈಸ್ತ ಸ್ನೇಹಿತನು ಹೆಂಡತಿಯನ್ನು ಕೇಳಬೇಕೆಂದನು. ಅಂಬೇಡ್ಕರರು ಸಾರ್ವಜನಿಕ ಉದ್ಯಾನವೊಂದರಲ್ಲಿ ಗಂಟೆಗಟ್ಟಲೆ ಕೂತಿದ್ದು, ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು. ದೊಣ್ಣೆ ಹಿಡಿದವರ ಕ್ರೌರ್ಯ ಎದ್ದು ಕಾಣುತ್ತದೆ. ಆದರೆ ಕಡೆಯ ಬಾಗಿಲನ್ನು ಮುಚ್ಚಿದವರು ಒಳ್ಳೆಯ ಸ್ನೇಹಿತರು. ತಾನು ಕೆಟ್ಟವನಲ್ಲ, ಪಕ್ಕದವನಿಗೆ ಹೆದರುತ್ತೇನೆ ಅಷ್ಟೇ ಎಂದುಕೊಳ್ಳುವ ಒಳ್ಳೆಯವರ ಸಾಲೇ ಆ ಗೋಡೆಯ ಕಲ್ಲುಗಳು.

ಹಾಗೆಂದು ನಾಣ್ಯದ ಆಟವೇ ಪೂರ್ಣ ಸತ್ಯವೆಂದು ನಂಬಿದರೆ ನಾವು ಅಪರಾಧಿಗಳನ್ನು ಸುಲಭವಾಗಿ ಬಿಟ್ಟುಬಿಟ್ಟಂತಾದೀತು. ಆಟದಲ್ಲಿ ಎಲ್ಲ ನಾಣ್ಯಗಳಿಗೂ ಸಮಾನ ಸ್ವಾತಂತ್ರ್ಯವಿದೆ. ಹಿಡಿಸದಿದ್ದರೆ ಎದ್ದು ಹೋಗಬಹುದು. ಹೊಲೆಗೇರಿಯ ಮನುಷ್ಯನಿಗೆ ಹೋಗಲು ಖಾಲಿ ಮನೆ ಎಲ್ಲಿತ್ತು? ಕೊಲಾಬಾ ಜಿಲ್ಲೆಯ ಮಹಾಡಿನ ಚವದಾರ್ ಕೆರೆಯ ಪ್ರಸಂಗ ಇದನ್ನು ತೋರಿಸುತ್ತದೆ. ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ ೧೯೨೩ರಲ್ಲಿ ನಿರ್ಣಯಿಸಿತ್ತು. ಮಹಾಡಿನ ಪುರಸಭೆಯೂ ಅದನ್ನು ಒಪ್ಪಿತ್ತು. ಕಾಗದದ ಮೇಲೆ ಕೆರೆ ತೆರೆಯಿತು, ದಂಡೆಯ ಮೇಲೆ ತೆರೆಯಲಿಲ್ಲ. ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ತಮ್ಮ ಜನರೊಡನೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಕುಡಿದರು. ಜನ ಗುಂಪುಗೂಡಿ ಅವರ ಕಡೆಯವರನ್ನು ಹೊಡೆದರು. ಆಮೇಲೆ ೧೦೮ ಕೊಡ ನೀರೆತ್ತಿ, ಸಗಣಿ ಗೋಮೂತ್ರಗಳಿಂದ ಕೆರೆಯನ್ನು ಶುದ್ಧಿಮಾಡಿದರು. ದನಕರುಗಳು ಕುಡಿಯಬಹುದಾದ ನೀರು ಮನುಷ್ಯನಿಗಿಲ್ಲ ಎಂಬ ವ್ಯಾಜ್ಯವು ಉಚ್ಚ ನ್ಯಾಯಾಲಯದಲ್ಲಿ ಅವರಂತೆ ತೀರ್ಮಾನವಾದದ್ದು ೧೯೩೭ರಲ್ಲಿ. ಸಣ್ಣ ಆಯ್ಕೆಗಳಿಂದ ಗೋಡೆ ಏಳಬಹುದು. ಎದ್ದ ಮೇಲೆ ಅದನ್ನು ಕಾಯುವುದು ದೊಣ್ಣೆಯೇ.

ಈ ಖಾಲಿ ಮನೆಯ ಹುಡುಕಾಟ ಅವರ ನಂತರದ ಬದುಕಿನ ಹಲವು ಹೆಜ್ಜೆಗಳನ್ನು ಅರ್ಥಮಾಡಿಸುತ್ತದೆ. ೧೯೩೫ರಲ್ಲಿ ಯೇವಲೆಯಲ್ಲಿ, ಹಿಂದುವಾಗಿ ಹುಟ್ಟಿದ್ದರೂ ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ೧೯೪೨ರ ನಾಗಪುರದ ಪರಿಷತ್ತಿನಲ್ಲಿ ದಲಿತರಿಗೆ ಪ್ರತ್ಯೇಕ ಗ್ರಾಮಗಳು ಬೇಕೆಂಬ ಬೇಡಿಕೆ ಬಂದಿತು. ಪ್ರತ್ಯೇಕತೆಯ ಶತ್ರುವೇ ಪ್ರತ್ಯೇಕ ಊರನ್ನು ಕೇಳಿದುದು ವಿರೋಧಾಭಾಸವೆಂದು ತೋರಬಹುದು. ಆದರೆ ಊರ ಹೊರಗೆ ಇರಬೇಕು, ಊರಿಗೆ ದುಡಿಯಲೂ ಬೇಕು ಎಂಬ ಸ್ಥಿತಿಯಿಂದ ಬಿಡುಗಡೆ ಬಯಸುವವನು ಮೊದಲು ತನ್ನದಾದ ಒಂದು ನೆಲೆಯನ್ನು ಕೇಳದೆ ಇನ್ನೇನು ಕೇಳಿಯಾನು? ೧೯೪೮ರಲ್ಲಿ ಅಸ್ಪೃಶ್ಯರ ಮೂಲವನ್ನು ಕುರಿತು ಬರೆದ ಪುಸ್ತಕದಲ್ಲಿ, ಅವರು ಊರ ಹೊರಗೆ ಇರುವುದೇಕೆಂದೇ ವಿಚಾರಿಸಿದರು. ಸೋತು ಚದುರಿದ ಬುಡಕಟ್ಟುಗಳ ಜನ ನೆಲೆಯೂರಿದ ಊರುಗಳ ಆಶ್ರಯ ಬೇಡಿ, ಕಾವಲಿನ ಕೆಲಸಕ್ಕೆ ಪ್ರತಿಯಾಗಿ ಎಲ್ಲೆಯಲ್ಲಿ ನೆಲೆ ಪಡೆದರು; ರಕ್ತಸಂಬಂಧಿಗಳಲ್ಲದ ಕಾರಣ ಒಳಗೆ ಸೇರಲಿಲ್ಲ; ಮುಟ್ಟಬಾರದೆಂಬ ಕಳಂಕ ಬಹು ಶತಮಾನಗಳ ಮೇಲೆ ಅಂಟಿತು ಎಂದು ಊಹಿಸಿದರು. ಸಾಕ್ಷ್ಯ ಸಿಕ್ಕದೆಡೆ ಊಹೆಯನ್ನು ಬಳಸಿದುದಾಗಿ ಅವರೇ ಒಪ್ಪಿಕೊಂಡಿದ್ದಾರೆ.

ಗೋಡೆಯನ್ನು ಕೆಡಹುವುದು ಹೇಗೆ? ೧೯೩೬ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವು ಅಧ್ಯಕ್ಷಭಾಷಣಕ್ಕೆ ಅವರನ್ನು ಕರೆದು, ಬರೆದ ಭಾಷಣವನ್ನು ಓದಿ ಅಂಜಿ, ಸಮ್ಮೇಳನವನ್ನೇ ರದ್ದುಮಾಡಿತು. ಅವರು ಸ್ವಂತ ಖರ್ಚಿನಿಂದ ಅದನ್ನು ಅಚ್ಚು ಹಾಕಿಸಿದರು. ಸಹಭೋಜನದಿಂದ ಜಾತಿ ಹೋಗದು, ಸದ್ಭಾವನೆಯಿಂದಲೂ ಹೋಗದು. ಜಾತಿಗೆ ತಿರುಳಾದ ಮದುವೆಯ ಕಟ್ಟು ಒಡೆಯಬೇಕು, ಆ ಕಟ್ಟಿಗೆ ಆಧಾರವಾದ ಶಾಸ್ತ್ರದ ಅಧಿಕಾರ ಕುಸಿಯಬೇಕು ಎಂಬುದೇ ಅದರ ಸಾರ.

ಸದ್ಭಾವನೆ ಏಕೆ ಸಾಲದೆಂಬುದು ಚದುರಂಗದ ಹಲಗೆಯ ಮೇಲೆಯೇ ನಮಗೆ ಚೆನ್ನಾಗಿ ಮನದಟ್ಟಾಯಿತು. ಕೇರಿಗಳು ಬೇರೆಯಾದ ಮೇಲೆ ನಾವು ನಿಯಮವನ್ನು ಬದಲಿಸಿದೆವು: ಇನ್ನು ಮುಂದೆ ಯಾವ ನಾಣ್ಯಕ್ಕೂ ಯಾವ ಪಕ್ಷಪಾತವೂ ಇಲ್ಲ, ನೆರೆಯಲ್ಲಿ ಯಾರಿದ್ದರೂ ಸರಿಯೇ. ಏನಾಯಿತು? ಒಂದು ನಾಣ್ಯವೂ ಅಲುಗಲಿಲ್ಲ. ಎಲ್ಲರೂ ಉದಾರಿಗಳಾದರು, ಕೇರಿಗಳು ಇದ್ದಂತೆಯೇ ಉಳಿದವು. ನೆರೆಯಲ್ಲಿ ಬೇರೆ ಬಣ್ಣದವರೂ ಒಂದಿಷ್ಟು ಇರಲೇಬೇಕೆಂಬ ಹೊಸ ನಿಯಮವನ್ನಿಟ್ಟ ಮೇಲೆಯೇ ನಾಣ್ಯಗಳು ಮತ್ತೆ ನಡೆಯತೊಡಗಿದವು. ದ್ವೇಷ ಹೋದರೆ ಗೋಡೆ ತಾನಾಗಿ ಬೀಳುವುದೆಂಬ ನಂಬಿಕೆ ಸುಳ್ಳು. ಗೋಡೆ ಏಳುವುದಕ್ಕೆ ಅಲ್ಪವಾದ ಪಕ್ಷಪಾತ ಸಾಕು. ಬೀಳುವುದಕ್ಕೆ ಪಕ್ಷಪಾತದ ಅಭಾವವಷ್ಟೇ ಸಾಲದು, ಎದ್ದು ನಡೆಯುವ ಸಂಕಲ್ಪ ಬೇಕು.

ಆ ಸಂಕಲ್ಪಕ್ಕೆ ಅವರು ಶಾಸನದ ರೂಪವನ್ನು ಕೊಡಲು ಯತ್ನಿಸಿದರು. ೧೯೪೭ರ ಆಗಸ್ಟಿನಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ೧೯೪೯ರ ನವೆಂಬರ್ ೨೬ರಂದು ಅಂಗೀಕೃತವಾದ ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ೧೫ನೆಯದು ಬಾವಿ, ಕೆರೆ, ಅಂಗಡಿ, ಹೋಟೆಲುಗಳ ಬಾಗಿಲನ್ನು ತೆರೆಯಿತು. ಸಾತಾರಾದ ನಲ್ಲಿ, ಮಸೂರಿನ ಗಾಡಿ, ಬರೋಡದ ಛತ್ರ ಇವುಗಳನ್ನು ನೆನೆದರೆ ಆ ವಿಧಿಗಳ ಒಂದೊಂದು ಪದದ ಹಿಂದೆಯೂ ಒಂದು ಬಾಯಾರಿಕೆ ಕಾಣುತ್ತದೆ. ಮನೆಯೊಳಗಿನ ಬಾಗಿಲಿಗಾಗಿ ಅವರು ಹಿಂದೂ ಸಂಹಿತೆಯ ಮಸೂದೆಯನ್ನು ತಂದರು. ಮದುವೆಗೆ ಜಾತಿ ಅಡ್ಡಿಯಾಗಬಾರದು, ಹೆಣ್ಣಿಗೆ ಆಸ್ತಿಯಲ್ಲಿ ಪಾಲಿರಬೇಕು ಎಂಬವು ಅದರಲ್ಲಿದ್ದವು. ಅದು ಮುಂದೆ ಸಾಗದಾದಾಗ ೧೯೫೧ರಲ್ಲಿ ಮಂತ್ರಿಪದವಿಯನ್ನು ಬಿಟ್ಟರು. ಅವರ ಮೊದಲ ಪತ್ನಿ ರಮಾಬಾಯಿ ೧೯೩೫ರಲ್ಲಿ ತೀರಿಕೊಂಡಿದ್ದರು. ೧೯೪೮ರ ಏಪ್ರಿಲ್ ೧೫ರಂದು ಅವರು ಸಾರಸ್ವತ ಬ್ರಾಹ್ಮಣ ಮನೆತನದ ಡಾ. ಶಾರದಾ ಕಬೀರರನ್ನು ಮದುವೆಯಾದರು. ಇಪ್ಪತ್ತೈದರಲ್ಲಿ ಬರೆದ ತರ್ಕವನ್ನು ಐವತ್ತೇಳರಲ್ಲಿ ಬಾಳಿನಲ್ಲಿ ನಡೆಸಿದಂತಾಯಿತು. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ ೬ರಂದು ದೆಹಲಿಯಲ್ಲಿ ನಿದ್ರೆಯಲ್ಲಿಯೇ ಅಸುನೀಗಿದರು.

ಅವರ ಊಹೆಗೆ ಅವರು ಕಾಣದ ಒಂದು ಸಾಕ್ಷ್ಯ ಆಮೇಲೆ ದೊರೆತಿದೆ. ೨೦೧೩ರಲ್ಲಿ ಹೈದರಾಬಾದಿನ ಹಾಗೂ ಅಮೆರಿಕದ ತಳಿವಿಜ್ಞಾನಿಗಳು ಭಾರತೀಯರ ವಂಶವಾಹಿಗಳನ್ನು ಪರಿಶೀಲಿಸಿ, ಸುಮಾರು ೪೨೦೦ ವರ್ಷಗಳಿಂದ ೧೯೦೦ ವರ್ಷಗಳ ಹಿಂದಿನವರೆಗೆ ಇಲ್ಲಿಯ ಜನ ವ್ಯಾಪಕವಾಗಿ ಬೆರೆತರೆಂದೂ ಆ ಮೇಲೆ ಬೆರಕೆ ಬಹುಮಟ್ಟಿಗೆ ನಿಂತುಹೋಯಿತೆಂದೂ ಕಂಡುಕೊಂಡರು. ಮೊದಲು ಬೆರಕೆ, ಆಮೇಲೆ ಮುಚ್ಚಿದ ಬಾಗಿಲು: ೧೯೧೬ರ ಪ್ರಬಂಧ ಹೇಳಿದ ಕ್ರಮವೇ ಇದು. ತಲೆಮಾರಿಗೊಬ್ಬರು ಆಚೀಚೆ ಹೋಗಿ ಬೆರೆತರೂ ಎರಡು ಜನಸಮೂಹಗಳು ವಂಶವಾಹಿಯಲ್ಲಿ ಬಹಳ ದೂರ ಸರಿಯಲಾರವೆಂಬುದು ತಳಿವಿಜ್ಞಾನದ ಒಂದು ಪ್ರಸಿದ್ಧ ಲೆಕ್ಕ. ಅಷ್ಟು ಸಣ್ಣ ಬಿರುಕಿನಿಂದಲೂ ಬೆರಕೆ ನಡೆಯಬಲ್ಲುದಾಗಿದ್ದರೆ, ಅದನ್ನು ಶತಮಾನಗಳ ಕಾಲ ತಡೆದವರು ಎಷ್ಟು ಕಟ್ಟುನಿಟ್ಟಾಗಿ ಕಾದಿರಬೇಕೆಂಬುದನ್ನು ಊಹಿಸಬಹುದು.

೨೦೧೧–೧೨ರ ಒಂದು ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಜಾತಿಯ ಹೊರಗೆ ನಡೆದ ಮದುವೆಗಳು ನೂರಕ್ಕೆ ಸುಮಾರು ಐದು. ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಂಥ ಮದುವೆಯೊಂದಕ್ಕೆ ಪ್ರಾಣವನ್ನು ತೆತ್ತರೆಂದು ಹೇಳಿಕೊಳ್ಳುವ ನಾಡು ನಮ್ಮದು. ಇಂದು ನಮ್ಮಲ್ಲಿ ಹೆಚ್ಚಿನವರು ಜಾತಿಯನ್ನು ದ್ವೇಷಿಸುತ್ತೇವೆ, ಯಾರನ್ನೂ ಕೀಳಾಗಿ ಕಾಣುವುದಿಲ್ಲ. ಆದರೆ ತರಗತಿಯಲ್ಲಿ ಕೂರುವ ಬೆಂಚು, ವಿದ್ಯಾರ್ಥಿನಿಲಯದಲ್ಲಿ ಹಂಚಿಕೊಳ್ಳುವ ಕೋಣೆ, ಬಾಡಿಗೆಯ ಮನೆ ಕೊಡುವ ಮೊದಲು ಕೇಳುವ ಪ್ರಶ್ನೆ, ಮದುವೆಯ ಮಾತು ಬಂದಾಗ ತಂದೆತಾಯಿಗಳ ಮೇಲೆ ಹಾಕುವ ಭಾರ, ಇವೆಲ್ಲ ಹಲಗೆಯ ಮೇಲಿನ ಸಣ್ಣ ನಡೆಗಳೇ. ಅಂಬೇಡ್ಕರರ ಭಾವಚಿತ್ರಕ್ಕೆ ಹಾರ ಹಾಕುವ ಕೈಗಳೇ ಇವನ್ನೂ ನಡೆಸುತ್ತಿವೆ. ನಾವು ಕೆಟ್ಟವರಲ್ಲ ಎಂಬ ಸಮಾಧಾನವನ್ನು ಅವರ ಲೆಕ್ಕ ನಮಗೆ ಉಳಿಸಿಲ್ಲ. ಒಳ್ಳೆಯವರಾಗಿ ಇದ್ದಲ್ಲಿಯೇ ಕೂತ ನಾಣ್ಯಗಳಿಂದ ಹಲಗೆ ಬದಲಾಗುವುದಿಲ್ಲ. ಯಾರು ಮೊದಲು ಏಳುವರೆಂಬ ಪ್ರಶ್ನೆ ಈಗ ಓದುತ್ತಿರುವ ನಮ್ಮ ಪೀಳಿಗೆಯ ಮುಂದೆ ಬಂದು ನಿಂತಿದೆ.